ಕುಂಬಳೆಯ ಹಳೆಯ ಬಂದರನ್ನು ನೋಡುವುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಕುಂಬಳೆಯ ಹಳೆಯ ಬಂದರನ್ನು ನೋಡಲು ಹೊರಡುವವರು ಮೊದಲಿಗೇ ಒಂದು ಮಾತನ್ನು ಒಪ್ಪಿಕೊಂಡು ಮನೆ ಬಿಡಬೇಕು. ಅಲ್ಲಿ ಧಕ್ಕೆಯ ಕಲ್ಲಾಗಲಿ ಉಗ್ರಾಣದ ಗೋಡೆಯಾಗಲಿ ಸುಂಕದ ಕಟ್ಟೆಯಾಗಲಿ ಕಣ್ಣಿಗೆ ಬೀಳುವುದಿಲ್ಲ. ಬೇಕಲದ ಕೋಟೆಗೆ ಹೋದರೆ ಟಿಕೇಟು ಕೊಂಡು ಒಳಗೆ ಹೋಗಿ ಬುರುಜಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರಬಹುದು, ಕುಂಬಳೆಯಲ್ಲಿ ಹಾಗಲ್ಲ. ಇಲ್ಲಿ ಬಂದರು ಎಂದರೆ ನೀರು, ಮರಳು ಮತ್ತು ಅವೆರಡರ ನಡುವೆ ಚಾಚಿಕೊಂಡಿರುವ ಒಂದು ಎತ್ತರದ ನೆಲ. ಆ ಮೂರನ್ನು ಸರಿಯಾದ ಹೊತ್ತಿನಲ್ಲಿ, ಸರಿಯಾದ ಕ್ರಮದಲ್ಲಿ ನೋಡಿದವರಿಗೆ ಐನೂರು ವರ್ಷದ ಹಿಂದೆ ಈ ಊರು ಏಕೆ ಬಂದರಾಯಿತೆಂಬುದು ಯಾರೂ ವಿವರಿಸದೆಯೇ ಅರ್ಥವಾಗುತ್ತದೆ. ತಪ್ಪು ಹೊತ್ತಿನಲ್ಲಿ ಹೋದವರಿಗೆ ಬಿಸಿಲು ಮಾತ್ರ ಸಿಗುತ್ತದೆ.

ನಾನು ಮೊದಲ ಸಲ ಹೋದದ್ದು ಹಾಗೆಯೇ. ಮೇ ತಿಂಗಳ ಒಂದು ಮಧ್ಯಾಹ್ನ, ನೀರು ಪೂರ್ತಿ ಏರಿದ್ದ ಹೊತ್ತಿನಲ್ಲಿ ಅಳಿವೆಯ, ಅಂದರೆ ಹೊಳೆ ಕಡಲನ್ನು ಸೇರುವ ಬಾಯಿಯ, ದಂಡೆಗೆ ತಲುಪಿದ್ದೆ. ಕಣ್ಣೆದುರಿಗಿದ್ದದ್ದು ತಗಡಿನಂತೆ ಹೊಳೆಯುವ ನೀರಿನ ಬಯಲು. ಎಲ್ಲಿ ಹೊಳೆ, ಎಲ್ಲಿ ಹಿನ್ನೀರು, ಎಲ್ಲಿ ಕಡಲು ಎಂದು ಬೇರ್ಪಡಿಸಲಾಗದೆ, ತಲೆನೋವು ಕಟ್ಟಿಕೊಂಡು ಎರಡು ಗಂಟೆಯ ರೈಲಿಗೆ ಹಿಂತಿರುಗಿದೆ. ಆಮೇಲೆ ಹಲವು ಸಲ ಹೋಗಿ ಕಲಿತದ್ದನ್ನು, ಹೊಸದಾಗಿ ಹೋಗುವವರಿಗೆ ಉಪಯೋಗವಾಗಲೆಂದು, ಇಲ್ಲಿ ಬರೆದಿದ್ದೇನೆ.

ಹೊರಡುವ ಮೊದಲು ತಿಳಿದಿರಬೇಕಾದದ್ದು

ಕುಂಬಳೆಯ ಬಂದರಿನ ಬಗ್ಗೆ ನಮಗಿರುವ ಸ್ಪಷ್ಟವಾದ ಹಳೆಯ ಸಾಕ್ಷ್ಯ ಪೋರ್ಚುಗೀಸರ ಡುವಾರ್ಟೆ ಬಾರ್ಬೋಸನದು. ಸುಮಾರು 1514ರಲ್ಲಿ ಈ ಕರಾವಳಿಯನ್ನು ಕಂಡ ಅವನು, ಮಂಗಳೂರಿನ ದಕ್ಷಿಣಕ್ಕಿರುವ ಈ ಊರು ವಿಜಯನಗರದ ಅರಸನ ಅಧೀನದಲ್ಲಿದ್ದ ಒಬ್ಬ ಒಡೆಯನ ಆಡಳಿತದಲ್ಲಿತ್ತೆಂದೂ, ಕಣ್ಣೂರಿನ ಸೀಮೆಗೆ ಎದುರಾದ ಗಡಿಯ ಠಾಣ್ಯವಾಗಿತ್ತೆಂದೂ ಹೇಳುತ್ತಾನೆ. ಇಲ್ಲಿ ಬೆಳೆಯುತ್ತಿದ್ದ ಅಕ್ಕಿ ಕಪ್ಪಗಿನ, ಕೀಳು ದರ್ಜೆಯ ಅಕ್ಕಿ. ಅದನ್ನು ಮಲಬಾರಿನ ವರ್ತಕರು ಅಗ್ಗದ ಬೆಲೆಗೆ ಕೊಂಡು ಮಾಲ್ದೀವಿಗೆ ಒಯ್ದು, ಬದಲಿಗೆ ಅಲ್ಲಿಂದ ತೆಂಗಿನ ನಾರಿನ ಹುರಿ ತರುತ್ತಿದ್ದರು. ನಮ್ಮ ಸೀಮೆಯ ಅಕ್ಕಿಯನ್ನು ಅವನು ಹಳಿದದ್ದು ಓದುವಾಗ ಕುಂಬಳೆಯವರಿಗೆ ಸ್ವಲ್ಪ ಕಸಿವಿಸಿಯಾಗುವುದು ಸಹಜ. ಆದರೆ ಈ ಎರಡು ಮೂರು ಸಾಲುಗಳಲ್ಲಿ ಇಡೀ ಬಂದರಿನ ಗುಟ್ಟಿದೆ. ಆದುದರಿಂದ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಊರನ್ನು ನೋಡಬೇಕು.

ಮಾಲ್ದೀವು ಹವಳದ ದ್ವೀಪಗಳ ನಾಡು. ಅಲ್ಲಿ ತೆಂಗು ಬೆಳೆಯುತ್ತದೆ, ಗದ್ದೆ ಬೇಸಾಯಕ್ಕೆ ಒದಗುವ ಮಣ್ಣಿಲ್ಲ. ಹಾಗಾಗಿ ಹೊಟ್ಟೆಗೆ ಬೇಕಾದ ಅಕ್ಕಿ ಹೊರಗಿನಿಂದಲೇ ಬರಬೇಕಿತ್ತು. ಇತ್ತ ಪಶ್ಚಿಮ ಸಮುದ್ರದ ಹಡಗುಗಳಲ್ಲಿ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜಡಿಯದೆ ನಾರಿನ ಹುರಿಯಿಂದ ಹೊಲಿಯುವ ಪದ್ಧತಿಯಿದ್ದುದರಿಂದ, ಕಡಲಿನ ಉಪ್ಪು ನೀರಿಗೆ ಕೊಳೆಯದ ಒಳ್ಳೆಯ ಹುರಿಗೆ ಎಲ್ಲ ಬಂದರುಗಳಲ್ಲಿಯೂ ಗಿರಾಕಿಯಿತ್ತು. 14ನೆಯ ಶತಮಾನದಲ್ಲಿ ಮಾಲ್ದೀವಿನಲ್ಲಿ ಕೆಲಕಾಲ ನೆಲೆಸಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತನೂ ಆ ದ್ವೀಪಗಳ ಹುರಿ ಭಾರತಕ್ಕೆ, ಚೀನಕ್ಕೆ, ಯೆಮನಿಗೆ ಹೋಗುತ್ತಿದ್ದುದನ್ನು ಬರೆದಿದ್ದಾನೆ. ಬಡವರ ಅಕ್ಕಿ ಹೋಗುತ್ತದೆ, ಹಡಗು ಕಟ್ಟುವ ಹುರಿ ಬರುತ್ತದೆ. ಕುಂಬಳೆಯ ವ್ಯಾಪಾರದ ಲೆಕ್ಕ ಇಷ್ಟು ಸರಳ. ಮೆಣಸು, ಕುದುರೆ, ರೇಷ್ಮೆ ಎಂದು ದೊಡ್ಡ ದೊಡ್ಡ ಬಂದರುಗಳ ಬಗ್ಗೆ ಓದಿ ಬಂದವರು ಇಲ್ಲಿ ಅಂಥ ವೈಭವವನ್ನು ಹುಡುಕಬಾರದು. ಇದು ಅಕ್ಕಿಯ ಬಂದರು.

ಅಕ್ಕಿಯನ್ನು ಹಡಗಿಗೆ ಹೇರುವುದೆಂದರೆ ಹೇಗೆ ಎಂದು ಊಹಿಸಲು ನಮ್ಮ ಹಳ್ಳಿಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಇದ್ದ ಮುಡಿಯನ್ನು ನೆನೆದರೆ ಸಾಕು. ಬೈಹುಲ್ಲನ್ನು ನೆಲದ ಮೇಲೆ ಚಕ್ರದಂತೆ ಹರಡಿ, ನಡುವೆ ಅಳೆದ ಅಕ್ಕಿಯನ್ನು ಸುರಿದು, ಹುಲ್ಲಿನ ತುದಿಗಳನ್ನು ಮೇಲಕ್ಕೆ ಒಟ್ಟುಗೂಡಿಸಿ, ಹುಲ್ಲಿನಿಂದಲೇ ಹೊಸೆದ ಹಗ್ಗವನ್ನು ಸುತ್ತಲೂ ಬಿಗಿಯುತ್ತ, ಮರದ ಕೊಡತಿಯಿಂದ ಬಡಿದು ಉರುಟು ಮಾಡುತ್ತ ಹೋದರೆ ಕೊನೆಗೆ ಕುಂಬಳಕಾಯಿಯಂಥ ಗಟ್ಟಿ ಉಂಡೆಯೊಂದು ಸಿದ್ಧವಾಗುತ್ತದೆ. ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಚೆನ್ನಾಗಿ ಕಟ್ಟಿದ ಮುಡಿಯನ್ನು ಅಟ್ಟದಿಂದ ಕೆಳಗೆ ಉರುಳಿಸಿದರೂ ಒಂದು ಕಾಳು ಹೊರಬರುತ್ತಿರಲಿಲ್ಲ. ತೇವ, ಹುಳು ಎರಡರಿಂದಲೂ ಅಕ್ಕಿ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಹೊಳೆಯ ದೋಣಿಯಿಂದ ಹಡಗಿಗೆ ಕೈಯಿಂದ ಕೈಗೆ ದಾಟಿಸಲು ಇದಕ್ಕಿಂತ ಅನುಕೂಲದ ಕಟ್ಟು ಬೇರೊಂದಿಲ್ಲ. ಹಳೆಯ ಮನೆತನದ ನೆಂಟರು ಸೀಮೆಯಲ್ಲಿದ್ದರೆ ಕುಂಬಳೆಗೆ ಹೋಗುವ ಮೊದಲು ಅವರ ಅಟ್ಟದಲ್ಲೋ ದೇವರ ಕೋಣೆಯಲ್ಲೋ ಒಂದು ಮುಡಿ ಉಳಿದಿದೆಯೇ ಎಂದು ಕೇಳಿ ನೋಡಬಹುದು. ಅದನ್ನು ಒಮ್ಮೆ ಎತ್ತಿ ನೋಡಿದವರಿಗೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಹೊಳೆಯುತ್ತದೆ.

ಇನ್ನು ಕೋಟೆಯ ವಿಷಯ. ಕುಂಬಳೆಯ ಇತಿಹಾಸ ನೋಡಬೇಕೆಂದರೆ ಎಲ್ಲರೂ ಆರಿಕ್ಕಾಡಿಯ ಕೋಟೆಯನ್ನು ತೋರಿಸುತ್ತಾರೆ. ಆಟೋದವರು ಕೇಳದೆಯೇ ಅಲ್ಲಿಗೆ ಕರೆದೊಯ್ಯುತ್ತಾರೆ. ಕೋಟೆ ಇಕ್ಕೇರಿಯ ನಾಯಕರ ಕಾಲದ್ದು, ಅಂದರೆ 17ನೆಯ ಶತಮಾನದ್ದು. ಬಾರ್ಬೋಸ ಬಂದಾಗ ಈ ಕೋಟೆ ಇರಲಿಲ್ಲ. ಆದುದರಿಂದ ಅದನ್ನು ಬಂದರಿನ ಅವಶೇಷವೆಂದು ತಿಳಿಯದೆ, ಬಂದರನ್ನು ನೋಡಲು ಅನುಕೂಲವಾದ ಎತ್ತರದ ಜಾಗವೆಂದು ಬಳಸಿಕೊಳ್ಳಬೇಕು. ಕೋಟೆ ಕಟ್ಟಿದವರೂ ಆ ಜಾಗವನ್ನು ಆರಿಸಿಕೊಂಡದ್ದು ಅದೇ ಕಾರಣಕ್ಕೆ, ಕೆಳಗೆ ಹೊಳೆಯಲ್ಲಿ ಹೋಗಿಬರುವುದೆಲ್ಲ ಅಲ್ಲಿಂದ ಕಾಣುತ್ತದೆ ಎಂಬುದಕ್ಕೆ.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ತಿಂಗಳ ಆಯ್ಕೆ ಕಷ್ಟವಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಗಾಳಿ ಹಿತವಾಗಿರುತ್ತದೆ, ಹೊಳೆಯ ನೀರು ತಿಳಿಯಾಗಿರುತ್ತದೆ, ಅಳಿವೆಯ ಮರಳದಿಣ್ಣೆ ನಡೆದಾಡುವಷ್ಟು ಗಟ್ಟಿಯಾಗಿರುತ್ತದೆ. ಜನವರಿ ನಡುವಿನಲ್ಲಿ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಉತ್ಸವ ನಡೆಯುತ್ತದೆ. ‘ಕುಂಬಳೆ ಬೆಡಿ’ಯ, ಅಂದರೆ ಉತ್ಸವದ ಸುಡುಮದ್ದಿನ, ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ, ಬೆಡಿ ನೋಡುವ ಆಸೆ ಇದ್ದರೆ ಬಂದರನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಅಳಿವೆಯ ಹತ್ತಿರ ಹೋಗಲೇಬಾರದು. ಆದರೂ ಒಂದು ಮಾತು: ಹಳೆಯ ಕಾಲದಲ್ಲಿ ಹಾಯಿಹಡಗುಗಳು ಮಳೆಗಾಲದಲ್ಲಿ ಕಡಲಿಗಿಳಿಯದೆ ಒಳನಾಡಿನ ಹಿನ್ನೀರಿನಲ್ಲಿ ಕಟ್ಟಿಕೊಂಡಿರುತ್ತಿದ್ದವೆಂಬುದು ನಮಗೆ ಗೊತ್ತಿರುವ ವಿಷಯವಷ್ಟೆ, ಅದಕ್ಕೆ ಎಂಥ ಆಸರೆ ಬೇಕಾಗಿತ್ತೆಂಬುದು ಜುಲೈಯ ಒಂದು ದಿನ ಸೇತುವೆಯ ಮೇಲಿಂದ ದೂರದ ಕಡಲನ್ನು ನೋಡಿದವರಿಗೆ ಮಾತ್ರ ಸರಿಯಾಗಿ ತಿಳಿಯುತ್ತದೆ.

ದಿನದ ಆಯ್ಕೆ ಹೆಚ್ಚು ಮುಖ್ಯ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ನಮ್ಮ ಕರಾವಳಿಯಲ್ಲಿ ಎರಡರ ನಡುವಿನ ಅಂತರ ಆಗ ಸುಮಾರು ಒಂದೂವರೆ ಮೀಟರ್‌ವರೆಗೆ ಹೋಗುತ್ತದೆ. ಕೇಳಲು ಇದು ಕಡಿಮೆಯೆನಿಸಬಹುದು. ಸಮತಟ್ಟಾದ ಹಿನ್ನೀರಿನಲ್ಲಿ ಆ ಒಂದೂವರೆ ಮೀಟರ್ ಎಷ್ಟೋ ಎಕರೆ ನೆಲವನ್ನು ಮುಳುಗಿಸುತ್ತದೆ, ಬಿಟ್ಟುಕೊಡುತ್ತದೆ. ಮಂಗಳೂರು ಬಂದರಿನ ಉಬ್ಬರ ಇಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿದರೆ ಕುಂಬಳೆಗೂ ಧಾರಾಳ ಸಾಕು. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ನೀರು ಪೂರ್ತಿ ಇಳಿದಿರುವ ದಿನವನ್ನು ಆರಿಸಿಕೊಳ್ಳಬೇಕು. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆಂಬುದನ್ನು ನೆನಪಿಟ್ಟುಕೊಂಡರೆ, ಈ ದಿನ ಸರಿಹೊಂದದಿದ್ದರೂ ಇನ್ನು ಎಷ್ಟು ದಿನಕ್ಕೆ ಸರಿಹೊಂದುತ್ತದೆಂದು ಬೆರಳೆಣಿಸಿಯೇ ಹೇಳಬಹುದು.

ಮಂಗಳೂರಿನಿಂದ ಬರುವವರಿಗೆ ರೈಲೇ ಉತ್ತಮ. ಕುಂಬಳೆಯಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ, ಪ್ಯಾಸೆಂಜರ್ ಗಾಡಿಯ ಹೊತ್ತನ್ನು ನೋಡಿಕೊಂಡು ಹೊರಡಬೇಕು. ಹತ್ತುವಾಗ ಬಲಗಡೆಯ ಕಿಟಕಿ ಹಿಡಿಯಬೇಕು, ಏಕೆಂದರೆ ಕಡಲು ಆ ಕಡೆಗಿದೆ. ಉಪ್ಪಳ ದಾಟಿದ ಮೇಲೆ ಪುಸ್ತಕ, ಮೊಬೈಲು ಎಲ್ಲವನ್ನೂ ಕೆಳಗಿಟ್ಟು ಹೊರಗೆ ನೋಡುತ್ತಿರಬೇಕು; ಶಿರಿಯ ಹೊಳೆ, ಹಿನ್ನೀರು, ಅದರಾಚೆ ತೆಂಗಿನ ಸಾಲು, ಅದರಾಚೆ ಕಡಲು ಒಂದರ ಹಿಂದೊಂದು ಪದರವಾಗಿ ಕಾಣುವುದು ಕೆಲವೇ ನಿಮಿಷ. ಬಸ್ಸಿನಲ್ಲಿ ಬರುವವರಿಗೆ ಮಂಗಳೂರು, ಕಾಸರಗೋಡುಗಳ ನಡುವೆ ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳಿವೆ. ಹೆದ್ದಾರಿಯನ್ನು ಆರು ಪಥ ಮಾಡಿದ ಮೇಲೆ ಎಲ್ಲಿ ಇಳಿದರೆ ಎಲ್ಲಿಂದ ರಸ್ತೆ ದಾಟಬೇಕೆಂಬುದೇ ಒಂದು ವಿದ್ಯೆಯಾಗಿದೆ, ಆದುದರಿಂದ ಕುಂಬಳೆ ಪೇಟೆಗೇ ಹೋಗುತ್ತದೆಯೇ ಎಂದು ಕಂಡಕ್ಟರರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಕಾಸರಗೋಡಿನಿಂದ ಕುಂಬಳೆಗೆ ಸುಮಾರು ಹನ್ನೆರಡು ಹದಿಮೂರು ಕಿಲೋಮೀಟರ್. ಅಲ್ಲಿ ಉಳಿದುಕೊಂಡವರು ಬೆಳಿಗ್ಗೆ ಬೇಗ ಬಂದು ತಲುಪಬಹುದು.

ಕೈಯಲ್ಲಿ ನೀರಿನ ಬಾಟಲಿ, ತಲೆಗೊಂದು ಟೊಪ್ಪಿ, ಕೆಸರಾದರೂ ಬೇಸರವಿಲ್ಲದ ಚಪ್ಪಲಿ, ದೇವಸ್ಥಾನಕ್ಕೂ ಮಸೀದಿಗೂ ಸಲ್ಲುವ ಉಡುಪು ಇದ್ದರೆ ಬೇರೇನೂ ಬೇಡ.

ಬೆಳಗಿನ ಸುತ್ತು

ಮೊದಲಿಗೆ ಆರಿಕ್ಕಾಡಿಯ ಕೋಟೆಗೆ ಹೋಗಬೇಕು. ಪೇಟೆಯಿಂದ ಮಂಗಳೂರಿನ ಕಡೆಗೆ ಸ್ವಲ್ಪ ದೂರ ಹೋದರೆ ಹೆದ್ದಾರಿಯ ಮಗ್ಗುಲಲ್ಲೇ ಕೋಟೆಯೂ ಅದಕ್ಕೆ ಸೇರಿದ ಹನುಮಂತನ ಗುಡಿಯೂ ಇವೆ. ಕೋಟೆಯ ಗೋಡೆ ಮುರಕಲ್ಲಿನದು. ಆ ಕಲ್ಲನ್ನು ಒಂದು ನಿಮಿಷ ಹತ್ತಿರದಿಂದ ನೋಡಬೇಕು: ಜೇನುಗೂಡಿನಂತೆ ತೂತು ತೂತಾಗಿ, ಒಳಗೆ ಹಳದಿ, ಹೊರಗೆ ಕಂದುಗೆಂಪು. ನೆಲದಲ್ಲಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿರುವ ಈ ಕಲ್ಲು ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತ ಹೋಗುತ್ತದೆ. ಕಡಿದ ಗುರುತು ಈಗಲೂ ಕೆಲವು ಕಲ್ಲುಗಳ ಮೇಲೆ ಓರೆ ಗೀರುಗಳಾಗಿ ಉಳಿದಿದೆ. ಕೋಟೆಯೊಳಗೆ ಬಾವಿ, ಪೊದೆ, ಕುಸಿದ ಭಾಗಗಳು ಇರುವುದರಿಂದ ಮಕ್ಕಳನ್ನು ಬಿಟ್ಟುಬಿಡಬಾರದು. ನಿಧಿಯ ಆಸೆಗೆ ಇಲ್ಲಿ ಅಗೆಯಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಹಾಗಾಗಿ ಗುದ್ದಲಿ ಬೇಡ, ಚೀಲ ಹಿಡಿದು ಮೂಲೆ ಮೂಲೆ ಬಗ್ಗಿ ನೋಡುವುದೂ ಬೇಡ. ಊರವರಿಗೆ ಸಂಶಯ ಬರುವುದು ಸಹಜ.

ಕೋಟೆಯ ಎತ್ತರದಿಂದ ನೋಡಬೇಕಾದದ್ದು ಕೋಟೆಯಲ್ಲ, ಕೆಳಗಿನ ನೀರು. ಆನೆಗುಂದಿಯ ಕಾಡಿನ ಕಡೆಯಿಂದ ಇಳಿದು ಬರುವ ಶಿರಿಯ ಹೊಳೆ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಕಡಲು ಎದುರಿಗೇ ಇದ್ದರೂ, ಅಲೆಗಳು ತಂದು ಹಾಕಿದ ಮರಳಿನ ಉದ್ದನೆಯ ದಿಬ್ಬವೊಂದು ಅಡ್ಡ ಮಲಗಿರುವುದರಿಂದ, ನೀರು ಅದರ ಹಿಂದೆ ಹರಡಿಕೊಂಡು ಹಿನ್ನೀರಾಗಿ, ಸಪೂರ ಬಾಯಿಯೊಂದರ ಮೂಲಕ ಮಾತ್ರ ಕಡಲನ್ನು ಸೇರುತ್ತದೆ. ಆ ಹಿನ್ನೀರಿನೊಳಕ್ಕೆ ಕುಂಬಳೆಯ ಎತ್ತರದ ನೆಲ ಮೂಗಿನಂತೆ ಚಾಚಿಕೊಂಡಿದೆ. ಬಂದರಿಗೆ ಬೇಕಾದ ಎಲ್ಲವೂ ಇಲ್ಲಿವೆ: ಹೊರಗಿನ ಅಲೆ ಒಳಗೆ ಬರದಂತೆ ಮರಳಿನ ಗೋಡೆ, ದೋಣಿ ಕಟ್ಟಲು ನಿಶ್ಚಲವಾದ ನೀರು, ನೆರೆ ಏರಿದರೂ ಮುಳುಗದ ಎತ್ತರದಲ್ಲಿ ಮನೆ ಉಗ್ರಾಣಗಳಿಗೆ ಜಾಗ, ಒಳನಾಡಿನ ಗದ್ದೆಗಳಿಂದ ಅಕ್ಕಿ ಇಳಿದು ಬರಲು ಹೊಳೆ. ದೊಡ್ಡ ಹಡಗುಗಳಿಗೆ ಈ ಬಾಯಿ ಸಾಲದು. ಅವು ಹೊರಗೆ ಲಂಗರು ಹಾಕಬೇಕಾದೀತು. ಆದರೆ ಅಕ್ಕಿ ಹೇರಿಕೊಂಡು ಹೋಗುವ ಸಣ್ಣ ಹಾಯಿಹಡಗುಗಳಿಗೆ ಇದಕ್ಕಿಂತ ಒಳ್ಳೆಯ ತಂಗುದಾಣ ಈ ಭಾಗದಲ್ಲಿ ವಿರಳ. ನೀರು ಇಳಿದ ಹೊತ್ತಿನಲ್ಲಿ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ: ಆಳದ ಕಾಲುವೆ ಎಲ್ಲಿ ಹಾದುಹೋಗುತ್ತದೆ, ಕೆಸರಿನ ಬಯಲು ಎಲ್ಲಿದೆ ಎಂಬುದು ಆಗ ಬಣ್ಣದ ವ್ಯತ್ಯಾಸದಲ್ಲೇ ಗೊತ್ತಾಗುತ್ತದೆ. ಆ ಕಪ್ಪು ನೀರಿನ ಗೆರೆಯೇ ಹಳೆಯ ಬಂದರಿನ ದಾರಿ.

ಅಲ್ಲಿಂದ ಪೇಟೆಗೆ ಮರಳಿ ಕಣಿಪುರ ಗೋಪಾಲಕೃಷ್ಣ ದೇವಸ್ಥಾನಕ್ಕೆ ಹೋಗಬಹುದು. ‘ಅಡೂರು, ಮಧೂರು, ಕಾವು, ಕಣ್ಯಾರ’ ಎಂದು ಸೀಮೆಯ ನಾಲ್ಕು ದೇವಸ್ಥಾನಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮಲ್ಲಿ ರೂಢಿ. ಕಣ್ಯಾರ ಎಂದರೆ ಇದೇ. ಕಣ್ವ ಮಹರ್ಷಿಯಿಂದ ಆ ಹೆಸರು ಬಂತೆಂದು ಸ್ಥಳಪುರಾಣ, ಕುಂಬಳೆಯ ಅರಸರಿಗೆ ಪಟ್ಟ ಕಟ್ಟುತ್ತಿದ್ದುದು ಇಲ್ಲೇ ಎಂದು ಸೀಮೆಯ ನಂಬಿಕೆ. ಬಂದರಿನ ಮೂಲಕ ಹಾದುಹೋಗುವ ಸರಕಿನ ಸುಂಕ ಅರಸನಿಗೆ, ಅರಸನ ಪಟ್ಟ ದೇವಸ್ಥಾನದ ಅಂಗಳದಲ್ಲಿ. ಹೀಗೆ ನೋಡಿದರೆ ದೇವಸ್ಥಾನವೂ ಬಂದರಿನದೇ ಒಂದು ಅಂಗ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರೂ ಇದೇ ಎಂಬುದನ್ನು ಆಟದ ಹುಚ್ಚಿರುವವರಿಗೆ ನಾನು ಹೇಳಬೇಕಾಗಿಲ್ಲ. ಅರಸುಮನೆತನದ ಮುಂದಿನ ಕಥೆ ಚಿಕ್ಕದು: ಟಿಪ್ಪುವಿನ ಪತನದ ನಂತರ ಸ್ವಲ್ಪ ಕಾಲ ಸ್ವಾತಂತ್ರ್ಯಕ್ಕೆ ಯತ್ನಿಸಿ, 1804ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯಿಂದ ಪಿಂಚಣಿ ಒಪ್ಪಿಕೊಂಡು ಅಧಿಕಾರವನ್ನು ಬಿಟ್ಟುಕೊಟ್ಟಿತು.

ದೇವಸ್ಥಾನ ಮುಚ್ಚುವುದರೊಳಗೆ ದರ್ಶನ ಮುಗಿಸಿ, ಪೇಟೆಯ ಯಾವುದಾದರೂ ಹೋಟೆಲಿನಲ್ಲಿ ಗೋಳಿಬಜೆ, ಚಾ ಮುಗಿಸಿಕೊಂಡು ಕೊಯಿಪ್ಪಾಡಿಯ ಕಡಲ ಬದಿಗೆ ಹೋಗಬೇಕು. ಆಟೋದವರಿಗೆ ‘ಬೀಚ್’ ಎಂದರೆ ಎಲ್ಲಿಗೋ ಕರೆದೊಯ್ದಾರು. ನನ್ನನ್ನೊಬ್ಬರು, ‘ಪೇಟೆಯವರು ನೋಡುವುದು ಅದನ್ನೇ’ ಎಂದು, ಅನಂತಪುರದ ಸರೋವರ ದೇವಸ್ಥಾನಕ್ಕೆ ಕರೆದೊಯ್ದಿದ್ದರು. ಅದು ನೋಡಲೇಬೇಕಾದ ಜಾಗವೇ, ಅಲ್ಲಿನ ಸರೋವರದಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೂ ಜನ ಬರುತ್ತಾರೆ. ಆದರೆ ಅದು ಒಳನಾಡಿನ ಮುರಕಲ್ಲಿನ ಪದವು, ನಮ್ಮ ಬಂದರಿಗೂ ಅದಕ್ಕೂ ಸಂಬಂಧವಿಲ್ಲ. ‘ಕೊಯಿಪ್ಪಾಡಿ ಕಡಪ್ಪುರ’, ಅಂದರೆ ಕೊಯಿಪ್ಪಾಡಿಯ ಕಡಲತೀರ, ಎಂದು ಸ್ಪಷ್ಟವಾಗಿ ಹೇಳಬೇಕು.

ಕಡಪ್ಪುರದಲ್ಲಿ ಇಳಿದ ಮೇಲೆ ಮರಳಿನ ಮೇಲೆ ಉತ್ತರಕ್ಕೆ ಅಳಿವೆಯ ಕಡೆ ನಡೆಯಬೇಕು. ಎಡಕ್ಕೆ ಕಡಲು, ಬಲಕ್ಕೆ ತೆಂಗು ಮತ್ತು ಹಿನ್ನೀರು. ನಡೆಯುವ ಮೊದಲು ಅಲ್ಲಿನ ಮೀನುಗಾರರನ್ನು ಮಾತಾಡಿಸುವುದು ಸೌಜನ್ಯವೂ ಹೌದು, ಸುರಕ್ಷತೆಯೂ ಹೌದು. ತುಳು, ಮಲಯಾಳ, ಬ್ಯಾರಿ, ಕನ್ನಡ ಯಾವುದರಲ್ಲಿ ಶುರುಮಾಡಿದರೂ ಮಾತು ಮುಂದುವರಿಯುತ್ತದೆ. ಏಳು ಭಾಷೆಯ ನಾಡೆಂದು ಕಾಸರಗೋಡನ್ನು ಕರೆಯುವುದು ಸುಮ್ಮನೆಯಲ್ಲ. ಬಲೆ ಸರಿಮಾಡುತ್ತ ಕುಳಿತಿದ್ದ ಹಿರಿಯರೊಬ್ಬರನ್ನು ನಾನು, ‘ಅಣ್ಣಾ, ಅಳಿವೆ ಬಾಗಿಲಿಗೆ ಇನ್ನೆಷ್ಟು ದೂರ?’ ಎಂದು ಕೇಳಿದಾಗ ಅವರು ದಾರದ ತುದಿಯನ್ನು ಹಲ್ಲಿನಿಂದ ಕಡಿದು, ‘ಹೋದ ವರ್ಷ ಆಚೆ ಇತ್ತು, ಈಗ ಈಚೆ ಬಂದಿದೆ. ಬರುವ ಮಳೆಗೆ ಎಲ್ಲಿಗೆ ಹೋಗುತ್ತದೋ ಅದಕ್ಕೇ ಗೊತ್ತು ಮಾರಾಯ್ರೆ’ ಎಂದಿದ್ದರು. ಬಂದರುಗಳು ಏಳುವುದಕ್ಕೂ ಬೀಳುವುದಕ್ಕೂ ರಾಜಕಾರಣ ಎಷ್ಟು ಕಾರಣವೋ ಈ ಮರಳೂ ಅಷ್ಟೇ ಕಾರಣ. ಮಳೆಗಾಲದಲ್ಲಿ ಹೊಳೆ ದಿಬ್ಬವನ್ನು ಒಡೆದು ಬಾಯಿ ಅಗಲಿಸುತ್ತದೆ, ಬೇಸಗೆಯಲ್ಲಿ ಕಡಲು ಮರಳು ತಂದು ಬಾಯಿ ಕಿರಿದಾಗಿಸುತ್ತದೆ. ಎರಡರ ಜಗಳದಲ್ಲಿ ಹಡಗಿನ ದಾರಿ ವರ್ಷವರ್ಷವೂ ಜಾಗ ಬದಲಿಸುತ್ತದೆ. ಇಲ್ಲಿಗೆ ಹಡಗು ತರುವವನಿಗೆ ನಕಾಶೆಗಿಂತ ಊರಿನ ಮೀನುಗಾರನೇ ಹೆಚ್ಚು ಬೇಕಾಗಿದ್ದಿರಬೇಕು.

ಅಳಿವೆಯ ಬಾಯಿಯಲ್ಲಿ ನೀರಿಗೆ ಇಳಿಯಬಾರದು. ಇಳಿತದ ಹೊತ್ತಿನಲ್ಲಿ ಹಿನ್ನೀರು ಇಡಿಯಾಗಿ ಆ ಸಪೂರ ಬಾಯಿಯಿಂದ ಕಡಲಿಗೆ ಓಡುತ್ತಿರುತ್ತದೆ. ಮೊಣಕಾಲಿನ ನೀರೆಂದು ಕಾಣುವಲ್ಲಿ ಕಾಲ ಕೆಳಗಿನ ಮರಳೇ ಜಾರಿಹೋಗುತ್ತದೆ. ನೀರು ಏರತೊಡಗಿತೆಂದರೆ, ಅಂದರೆ ದಂಡೆಯ ಹತ್ತಿರದ ನೊರೆ ಒಳಮುಖವಾಗಿ ಸರಿಯತೊಡಗಿತೆಂದರೆ, ಹಿಂದಿರುಗಿ ನಡೆಯಲು ಆರಂಭಿಸಬೇಕು. ಚಳಿಗಾಲದಲ್ಲಿ ಕೆಸರಿನ ಬಯಲಿನ ಮೇಲೆ ಹಕ್ಕಿಗಳ ಹಿಂಡು ಇರುತ್ತದೆ, ದುರ್ಬೀನು ತಂದವರು ಅಲ್ಲೇ ಒಂದು ಗಂಟೆ ಕಳೆಯಬಹುದು.

ಮರಳಿನಲ್ಲೋ ಹೊಳೆದಂಡೆಯಲ್ಲೋ ಮಡಕೆಯ ಚೂರು ಕಂಡರೆ ಏನು ಮಾಡಬೇಕು? ಬಹುಪಾಲು ಚೂರುಗಳು ನಿನ್ನೆ ಮೊನ್ನೆಯ ಅಡುಗೆಮನೆಯವು, ಹೆಂಚಿನ ತುಂಡುಗಳಂತೂ ಮಂಗಳೂರು ಹೆಂಚಿನವು. ಆದರೂ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಹಳೆಯ ಚೂರು ಸಿಗುವುದು ಸುಳ್ಳಲ್ಲ. 2014ರಲ್ಲಿ ಕೊಲ್ಲಂ ಬಂದರಿನ ಹೂಳೆತ್ತುವಾಗ ಚೀನದ ನಾಣ್ಯಗಳೂ ಪಿಂಗಾಣಿಯೂ ಸಿಕ್ಕಿದವು. ತಿಳಿಹಸಿರು ಮೆರುಗಿನ ದಪ್ಪ ಚೂರು, ಬಿಳಿಯ ಮೇಲೆ ನೀಲಿ ಗೆರೆಯ ತೆಳು ಚೂರು, ಇಂಥವು ಕಂಡರೆ ಎತ್ತಿಕೊಳ್ಳದೆ, ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೋ ತೆಗೆದು, ಜಾಗವನ್ನು ಗುರುತು ಹಾಕಿಕೊಂಡು, ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಿಳಿಸಬೇಕು. ನೂರು ವರ್ಷಕ್ಕಿಂತ ಹಳೆಯ ವಸ್ತುಗಳಿಗೆ 1972ರ ಪುರಾವಸ್ತು ಕಾನೂನು ಅನ್ವಯಿಸುತ್ತದೆಂಬುದು ಒಂದು ಕಾರಣ. ಜಾಗ ಬಿಟ್ಟು ಎತ್ತಿದ ಚೂರು ಮನೆಯ ಶೋಕೇಸಿನಲ್ಲಿ ಏನನ್ನೂ ಹೇಳುವುದಿಲ್ಲವೆಂಬುದು ಇನ್ನೊಂದು.

ಮಧ್ಯಾಹ್ನ ತಳಂಗರೆಗೆ

ಊಟ ಮುಗಿಸಿ ಕಾಸರಗೋಡಿಗೆ ಹೋದರೆ ಚಂದ್ರಗಿರಿ ಹೊಳೆಯ ಉತ್ತರದ ದಂಡೆಯಲ್ಲಿರುವ ತಳಂಗರೆಯನ್ನು ನೋಡಬಹುದು. ಕುಂಬಳೆಯಲ್ಲಿ ಕಾಣದ ವರ್ತಕರ ಗುರುತು ಇಲ್ಲಿ ಕಾಣುತ್ತದೆ. ಮಾಲಿಕ್ ದೀನಾರ್ ಮಸೀದಿ ಹಿಜರಿ 22ರಲ್ಲಿ ಸ್ಥಾಪನೆಯಾಯಿತೆಂಬುದು ಅಲ್ಲಿನ ಪರಂಪರೆ. ಮಂಗಳೂರು, ಬಾರಕೂರು, ಕೊಡುಂಗಲ್ಲೂರು ಮೊದಲಾದ ಬಂದರುಗಳ ಮಸೀದಿಗಳ ಜೊತೆಗೆ ಇದರ ಹೆಸರೂ ಹಳೆಯ ಕಥನಗಳಲ್ಲಿ ಬರುತ್ತದೆ. ವರ್ಷದ ಲೆಕ್ಕ ಏನೇ ಇರಲಿ, ಆ ಪಟ್ಟಿಯಲ್ಲಿರುವ ಊರುಗಳನ್ನು ಭೂಪಟದ ಮೇಲೆ ಗುರುತಿಸಿದರೆ ಅದು ಪಶ್ಚಿಮ ಕರಾವಳಿಯ ಬಂದರುಗಳ ಪಟ್ಟಿಯೇ ಆಗುತ್ತದೆ. ಶುಕ್ರವಾರ ಮಧ್ಯಾಹ್ನವನ್ನೂ ನಮಾಜಿನ ಹೊತ್ತನ್ನೂ ಬಿಟ್ಟು ಹೋಗಬೇಕು. ಕಾಲು ತೊಳೆದು, ತಲೆಗೆ ಬಟ್ಟೆ ಹಾಕಿಕೊಂಡು, ಎಲ್ಲಿಯವರೆಗೆ ಹೋಗಬಹುದು, ಫೋಟೋ ತೆಗೆಯಬಹುದೇ ಎಂದು ಅಲ್ಲಿದ್ದವರಲ್ಲಿ ಕೇಳಿಕೊಳ್ಳಬೇಕು. ಹೆಂಗಸರಿಗೆ ಪ್ರವೇಶವಿರುವ ಭಾಗ ಯಾವುದೆಂಬುದನ್ನೂ ಹೊರಗೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮರದ ಕೆತ್ತನೆಯನ್ನು ಸಾವಕಾಶವಾಗಿ ನೋಡಬೇಕು.

ಇದೇ ತಳಂಗರೆಯಲ್ಲಿ ಜಯಸಿಂಹನೆಂಬ ಅರಸನ ಕನ್ನಡ ಶಾಸನವೊಂದು ಸಿಕ್ಕಿದೆ. ಹತ್ತನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುತ್ತಾರೆ. ಒಂದೇ ಹೊಳೆಯ ದಂಡೆಯಲ್ಲಿ ಕನ್ನಡದ ಶಾಸನ, ಅರಬರ ಪರಂಪರೆಯ ಮಸೀದಿ! ಇದರಲ್ಲಿ ಬಂದರಿನವರಿಗೆ ಆಶ್ಚರ್ಯವೇನೂ ಕಾಣಿಸಿರಲಾರದು. ಇಬ್ನ್ ಬತೂತ ಈ ಕರಾವಳಿಯ ದಾರಿಯಲ್ಲಿ ಅರ್ಧ ಮೈಲಿಗೊಂದು ಮರದ ತಂಗುಮನೆ, ಕೂರಲು ಜಗಲಿ, ಕುಡಿಯಲು ಬಾವಿ ಇದ್ದವೆಂದು ಬರೆದಿದ್ದಾನೆ. ಈಗಿನ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತ ಬಿಸಿಲಿನಲ್ಲಿ ನಿಂತಾಗ ನನಗೆ ಆ ಸಾಲು ಅಗತ್ಯಕ್ಕಿಂತ ಹೆಚ್ಚೇ ನೆನಪಾಗುತ್ತದೆ.

ಸಂಜೆಗೆ ಸಮಯ ಉಳಿದರೆ ಹೊಳೆಯ ದಕ್ಷಿಣಕ್ಕೆ ದಾಟಿ ಚಂದ್ರಗಿರಿ ಕೋಟೆಗೆ ಹತ್ತಬಹುದು. ಇದೂ ಇಕ್ಕೇರಿಯ ನಾಯಕರದೇ. ತುಳುನಾಡಿಗೂ ಮಲಬಾರಿಗೂ ಗಡಿಯೆಂದು ಹಿಂದಿನವರು ಎಣಿಸುತ್ತಿದ್ದ ಚಂದ್ರಗಿರಿ ಹೊಳೆ ಕಡಲು ಸೇರುವುದು ಅಲ್ಲಿಂದ ಕಾಣುತ್ತದೆ. ಬೆಳಿಗ್ಗೆ ಕುಂಬಳೆಯಲ್ಲಿ ನೋಡಿದ ಮರಳಿನ ದಿಬ್ಬ, ಹಿನ್ನೀರು, ಸಪೂರ ಬಾಯಿ ಇವನ್ನೇ ಇಲ್ಲಿ ಇನ್ನೂ ದೊಡ್ಡ ಹೊಳೆಯಲ್ಲಿ ಹೋಲಿಸಿ ನೋಡಬಹುದು. ಬಾಗಿಲು ಮುಚ್ಚುವ ಹೊತ್ತನ್ನು ಮೊದಲೇ ವಿಚಾರಿಸಿಕೊಂಡಿರಬೇಕು.

ಮಂಗಳೂರಿನ ಮೂಲಕ ಮರಳುವವರು ಮರುದಿನ ಬೆಳಿಗ್ಗೆ ಒಂದು ಗಂಟೆಯನ್ನು ಅಲ್ಲಿನ ಹಳೆಯ ಬಂದರಿಗೆ ಮೀಸಲಿಡಬೇಕೆಂದು ನನ್ನ ಸಲಹೆ. ಈಗ ಲಕ್ಷದ್ವೀಪಕ್ಕೆ ಸೇರಿರುವ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ಹುರಿ ತಂದು ಮಂಗಳೂರಿನ ಸರಕಾರಿ ಉಗ್ರಾಣಕ್ಕೆ ಕೊಟ್ಟು ಅಕ್ಕಿ ಒಯ್ಯುವ ಪದ್ಧತಿ ಬ್ರಿಟಿಷರ ಕಾಲದಲ್ಲಿಯೂ ನಡೆದಿತ್ತು. ಬಾರ್ಬೋಸ ಕುಂಬಳೆಯಲ್ಲಿ ಬರೆದುಕೊಂಡ ಅದೇ ವಿನಿಮಯ. ಈಗ ಹುರಿಯ ಲೆಕ್ಕ ಹೋಗಿದೆ, ಆದರೆ ಮಳೆಗಾಲ ಮುಗಿದ ಮೇಲೆ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಮರದ ಹಡಗುಗಳು ಧಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಒಳಗೆ ಬಿಡುವರೇ ಎಂದು ಗೇಟಿನಲ್ಲಿ ಕೇಳಿ, ಬಿಟ್ಟರೆ ಹೊರೆಯಾಳುಗಳ ದಾರಿಗೆ ಅಡ್ಡವಾಗದಂತೆ ಬದಿಗೆ ನಿಲ್ಲಬೇಕು. ಲಾರಿಯಿಂದ ಮಂಜಿಗೆ ಹಾಕಿದ ಹಲಗೆಯ ಮೇಲೆ, ಹೆಗಲಿನಲ್ಲಿ ಅಕ್ಕಿಯ ಮೂಟೆ ಹೊತ್ತವರು ಒಬ್ಬರ ಹಿಂದೊಬ್ಬರು ನಡೆದು ಹೋಗುತ್ತಿರುತ್ತಾರೆ, ಹಲಗೆ ಪ್ರತಿ ಹೆಜ್ಜೆಗೂ ಬಾಗಿ ಏಳುತ್ತಿರುತ್ತದೆ.